ಹತ್ತು ರುಚಿ, ಇನ್ನೂರೈವತ್ತು ಪ್ರತಿ: ವಾರ್ಹೋಲ್‌ನ ಸೂಪ್ ಡಬ್ಬಿ ಮುದ್ರಣಗಳ ಪ್ರಕರಣ ಅಧ್ಯಯನ

ಈ ಮುದ್ರಣ ಚಿತ್ರವನ್ನು ಮೊದಲು ಹಿಂಬದಿಯಿಂದ ನೋಡುವುದು ಲೇಸು. 35 ಇಂಚು ಎತ್ತರ, 23 ಇಂಚು ಅಗಲದ ಕಾಗದದ ಬೆನ್ನಿನ ಮೇಲೆ ಬಾಲ್‌ಪಾಯಿಂಟ್ ಪೆನ್ನಿನಲ್ಲಿ ಹಾಕಿದ ಒಂದು ಸಹಿಯಿದೆ. ಜೊತೆಗೆ ರಬ್ಬರ್ ಮೊಹರಿನಿಂದ ಒತ್ತಿದ ಒಂದು ಸಂಖ್ಯೆಯಿದೆ. ಮುದ್ರಣ ಕಲೆಯ ರೂಢಿಯಂತೆ ಕಲಾವಿದ ಚಿತ್ರದ ಕೆಳ ಅಂಚಿನಲ್ಲಿ, ನೋಡುಗರ ಕಣ್ಣಿಗೆ ಬೀಳುವ ಜಾಗದಲ್ಲಿ, ಪೆನ್ಸಿಲಿನಿಂದ ಸಹಿ ಮಾಡಿ ಪ್ರತಿಯ ಸಂಖ್ಯೆಯನ್ನೂ ತನ್ನ ಕೈಯಿಂದಲೇ ಬರೆಯುತ್ತಾನೆ. ಇದು ಯಂತ್ರದ ಕೆಲಸವಲ್ಲ, ನನ್ನ ಕೈ ಇದರ ಮೇಲೆ ಆಡಿದೆ ಎಂದು ಸಾರುವ ಗುರುತು ಅದು. ಇಲ್ಲಿ ಆ ಗುರುತು ಬೆನ್ನಿಗೆ ಸರಿದಿದೆ, ಸಂಖ್ಯೆಯಂತೂ ಗೋದಾಮಿನ ಗುಮಾಸ್ತ ಮೂಟೆಗೆ ಹಾಕುವ ಗುರುತಿನ ಹಾಗಿದೆ. ಮುಂಬದಿಗೆ ತಿರುಗಿಸಿದರೆ ಬಿಳಿಯ ನೆಲದ ಮೇಲೆ ಒಂದೇ ಒಂದು ಡಬ್ಬಿ: ಮೇಲರ್ಧ ಕೆಂಪು, ಕೆಳಗರ್ಧ ಬಿಳಿ, ನಡುವೆ ಚಿನ್ನದ ಬಣ್ಣದ ಬಿಲ್ಲೆ, ಮೇಲೆ ಓರೆಯಾದ ಕೂಡುಬರಹದಲ್ಲಿ ಕಂಪನಿಯ ಹೆಸರು, ಕೆಳಗೆ ಸೂಪಿನ ಹೆಸರು. ನೆರಳಿಲ್ಲ, ಮೇಜಿಲ್ಲ, ಚಮಚವಿಲ್ಲ, ತಿನ್ನುವವರೂ ಇಲ್ಲ.

ಅಮೆರಿಕದ ಕಲಾವಿದ ಆ್ಯಂಡಿ ವಾರ್ಹೋಲ್ 1968ರಲ್ಲಿ ನ್ಯೂಯಾರ್ಕಿನಿಂದ ಹೊರತಂದ ‘ಕ್ಯಾಂಪ್‌ಬೆಲ್ಸ್ ಸೂಪ್ 1’ ಎಂಬ ಮುದ್ರಣ ಸಂಪುಟದ ಒಂದು ಹಾಳೆ ಇದು. ಹತ್ತು ಬಗೆಯ ಸೂಪು, ಬಗೆಗೊಂದು ಹಾಳೆ, ಒಟ್ಟು 250 ಸಂಪುಟಗಳು; ಅದರ ಮೇಲೆ ಎ ಯಿಂದ ಝಡ್ ವರೆಗಿನ ಅಕ್ಷರಗಳನ್ನು ಹೊತ್ತ, ಕಲಾವಿದನ ಪಾಲಿನವೆಂದು ಲೆಕ್ಕದ ಹೊರಗಿಡುವ 26 ಪ್ರತಿಗಳು. ಗುಣಿಸಿ ನೋಡಿದರೆ 2,760 ಹಾಳೆಗಳಾಗುತ್ತವೆ, ಇದು ಸಣ್ಣದೊಂದು ಕಿರಾಣಿ ಅಂಗಡಿಯ ದಾಸ್ತಾನು. ದಿನಬಳಕೆಯ ಸರಕು, ಜಾಹೀರಾತುಗಳನ್ನೇ ವಸ್ತುವಾಗಿಸಿಕೊಂಡ ಪಾಪ್ ಕಲೆಯ ಮುದ್ರಣಗಳು ಗ್ರಾಹಕ ಸಂಸ್ಕೃತಿ ಮತ್ತು ಉದ್ಯಮದ ಬಗೆಗಿನ ವ್ಯಾಖ್ಯಾನ ಎಂಬ ಮಾತನ್ನು ಕಲಾ ಇತಿಹಾಸದ ತರಗತಿಗಳಲ್ಲಿ ಹೇಳಿ ಹೇಳಿ ಅದು ಸವೆದುಹೋಗಿದೆ. ಆ ವ್ಯಾಖ್ಯಾನ ನಿಖರವಾಗಿ ಎಲ್ಲಿದೆ, ಚಿತ್ರದಲ್ಲಿಯೋ, ಚಿತ್ರ ತಯಾರಾದ ರೀತಿಯಲ್ಲಿಯೋ, ಅಥವಾ ಅದು ಮಾರಾಟವಾಗಿ ಕೈ ಬದಲಾಯಿಸಿದ ರೀತಿಯಲ್ಲಿಯೋ ಎಂಬುದನ್ನು ಈ ಒಂದು ಸಂಪುಟವನ್ನು ಇಟ್ಟುಕೊಂಡು ಪರಿಶೀಲಿಸುವುದು ಇಲ್ಲಿನ ಉದ್ದೇಶ. ವ್ಯಾಖ್ಯಾನದ ಹೆಚ್ಚಿನ ಪಾಲು ಚಿತ್ರದಲ್ಲಿಲ್ಲ, ಅದರ ತಯಾರಿಕೆ ಮತ್ತು ಮಾರಾಟದಲ್ಲಿದೆ ಎಂಬುದು ನನ್ನ ತಿಳಿವಳಿಕೆ.

ಡಬ್ಬಿ ಎಲ್ಲಿಂದ ಬಂತು

ವಾರ್ಹೋಲ್ ಆರಿಸಿಕೊಂಡ ವಸ್ತು ಸಾಮಾನ್ಯದ್ದಾಗಿರಬಹುದು, ಆದರೆ ಚರಿತ್ರೆಯಿಲ್ಲದ್ದಲ್ಲ. ಕ್ಯಾಂಪ್‌ಬೆಲ್ ಕಂಪನಿ 1869ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಪಟ್ಟಣದಲ್ಲಿ ಹಣ್ಣು ತರಕಾರಿಗಳನ್ನು ಡಬ್ಬಿಗೆ ತುಂಬುವ ಉದ್ಯಮವಾಗಿ ಶುರುವಾಯಿತು. 1897ರಲ್ಲಿ ಜರ್ಮನಿಯಿಂದ ಡಾಕ್ಟರೇಟ್ ಪಡೆದು ಬಂದ ಜಾನ್ ಡೊರಾನ್ಸ್ ಎಂಬ ರಸಾಯನಶಾಸ್ತ್ರಜ್ಞ ವಾರಕ್ಕೆ ಏಳೂವರೆ ಡಾಲರ್ ಸಂಬಳಕ್ಕೆ ಅಲ್ಲಿ ಕೆಲಸಕ್ಕೆ ಸೇರಿದ. ಕಂಪನಿಯನ್ನು ನಡೆಸುತ್ತಿದ್ದದ್ದು ಅವನ ಚಿಕ್ಕಪ್ಪನೇ. ಸೂಪಿನೊಳಗಿನ ನೀರನ್ನು ಬಹುಪಾಲು ತೆಗೆದು ಗಟ್ಟಿಯಾದ ಸಾರವನ್ನಷ್ಟೇ ಡಬ್ಬಿಗೆ ತುಂಬುವ ವಿಧಾನವನ್ನು ಅವನು ರೂಢಿಗೆ ತಂದ. ಮನೆಯಲ್ಲಿ ಅದೇ ಡಬ್ಬಿಯಲ್ಲಿ ಒಂದು ಅಳತೆ ನೀರು ಹುಯ್ದು ಕುದಿಸಿದರೆ ಸೂಪು ಸಿದ್ಧ. ನೀರಿನ ಭಾರ ಇಳಿದದ್ದರಿಂದ ಡಬ್ಬಿ ಚಿಕ್ಕದಾಯಿತು, ರೈಲಿನ ಸಾಗಣೆ ವೆಚ್ಚ ಇಳಿಯಿತು, ಬೆಲೆ ಹತ್ತು ಸೆಂಟಿಗೆ ಬಂತು. ಮರುವರ್ಷ ಲೇಬಲ್ಲಿಗೆ ಕೆಂಪು ಬಿಳುಪು ಬಣ್ಣ ಬಂತು, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದದ್ದೇ ಅದರ ಬಿಲ್ಲೆಯೂ ನಡುವೆ ಕೂತಿತು, ಅಲ್ಲಿಂದ ಮುಂದೆ ಅರುವತ್ತು ವರ್ಷ ಆ ಲೇಬಲ್ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಒಂದು ಲೇಬಲ್ ಅರುವತ್ತು ವರ್ಷ ಬದಲಾಗದೆ ಇರುವುದೆಂದರೆ, ಎರಡು ಮೂರು ತಲೆಮಾರಿನವರು ಅದನ್ನು ಓದುವುದನ್ನೇ ಬಿಟ್ಟು ಬರೀ ಬಣ್ಣದಿಂದ ಗುರುತು ಹಿಡಿಯುತ್ತಾರೆ ಎಂದರ್ಥ. ವಾರ್ಹೋಲ್ ಹಿಡಿದದ್ದು ಈ ಸ್ಥಿತಿಯನ್ನು, ಸೂಪನ್ನಲ್ಲ. ಅವನು 1928ರಲ್ಲಿ ಉಕ್ಕಿನ ಕಾರ್ಖಾನೆಗಳ ನಗರವಾದ ಪಿಟ್ಸ್‌ಬರ್ಗಿನ ಬಡ ವಲಸಿಗ ಕುಟುಂಬದಲ್ಲಿ ಹುಟ್ಟಿದ. ಅಲ್ಲಿಯೇ ಕಲೆ ಕಲಿತು 1949ರಲ್ಲಿ ನ್ಯೂಯಾರ್ಕಿಗೆ ಹೋಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಾಹೀರಾತಿನ ಚಿತ್ರಕಾರನಾಗಿ ದುಡಿದ. ಐ. ಮಿಲ್ಲರ್ ಎಂಬ ಪಾದರಕ್ಷೆಯ ಕಂಪನಿಗಾಗಿ ಅವನು ಬರೆದ ಜಾಹೀರಾತುಗಳು ಆ ಕಾಲಕ್ಕೆ ಹೆಸರು ಮಾಡಿದ್ದವು. ಆಗಲೇ ಅವನು ಒಂದು ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಅದು ಆರುವ ಮೊದಲೇ ಇನ್ನೊಂದು ಹಾಳೆಗೆ ಒತ್ತಿ ತೆಗೆದು, ತುಂಡು ತುಂಡಾಗಿ ಮೂಡಿದ ಆ ಗೆರೆಯನ್ನೇ ಅಂತಿಮ ಚಿತ್ರವಾಗಿ ಗಿರಾಕಿಗೆ ಕೊಡುತ್ತಿದ್ದ. ಅಂದರೆ ಮೂಲವನ್ನು ಬದಿಗಿಟ್ಟು ಅಚ್ಚನ್ನು ಮುಂದೊಡ್ಡುವ ಅಭ್ಯಾಸ ಜಾಹೀರಾತಿನ ಕೆಲಸದಲ್ಲಿಯೇ ಅವನಿಗೆ ಅಂಟಿತ್ತು. ಸೂಪ್ ಡಬ್ಬಿಯ ಯೋಚನೆ ಅವನದೇ ಅಲ್ಲ. 1961ರ ಕೊನೆಯಲ್ಲಿ ಮ್ಯೂರಿಯಲ್ ಲ್ಯಾಟೋ ಎಂಬ ಗ್ಯಾಲರಿ ನಡೆಸುತ್ತಿದ್ದ ಗೆಳತಿ, ಎಲ್ಲರೂ ದಿನವೂ ನೋಡುವಂಥದ್ದೇನನ್ನಾದರೂ ಬರೆ ಎಂದು ಸಲಹೆ ಕೊಟ್ಟು, ಅದಕ್ಕೆ 50 ಡಾಲರಿನ ಚೆಕ್ ಪಡೆದಳು ಎಂಬುದು ಅವನ ಬದುಕನ್ನು ಬರೆದವರು ಮತ್ತೆ ಮತ್ತೆ ಉಲ್ಲೇಖಿಸುವ ಸಂಗತಿ. ಕಲ್ಪನೆಯೂ ಬೆಲೆ ತೆತ್ತು ಕೊಂಡದ್ದೇ ಎಂಬ ವಿವರ ಈ ಪ್ರಕರಣಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಯೆಂದರೆ, ಯಾರೋ ಬೇಕೆಂದೇ ಕಟ್ಟಿದ ಕಥೆಯಂತೆ ಕೇಳಿಸುತ್ತದೆ.

ಕೈಯಿಂದ ಬರೆದ 32 ಡಬ್ಬಿಗಳು

ಮುದ್ರಣಗಳಿಗೆ ಮೊದಲು ಕ್ಯಾನ್ವಾಸುಗಳಿದ್ದವು. 1962ರ ಜುಲೈನಲ್ಲಿ ಲಾಸ್ ಏಂಜಲೀಸಿನ ಫೆರಸ್ ಗ್ಯಾಲರಿಯಲ್ಲಿ, ಆಗ ಮಾರುಕಟ್ಟೆಯಲ್ಲಿದ್ದ 32 ಬಗೆಯ ಸೂಪಿಗೆ ಒಂದೊಂದರಂತೆ, 20 ಇಂಚು ಎತ್ತರ, 16 ಇಂಚು ಅಗಲದ 32 ಕ್ಯಾನ್ವಾಸುಗಳನ್ನು ಅಂಗಡಿಯ ಅಡ್ಡಹಲಗೆಯ ಮೇಲೆ ಡಬ್ಬಿ ಜೋಡಿಸಿದಂತೆ ಗೋಡೆಗುಂಟ ಸಾಲಾಗಿ ಇಡಲಾಯಿತು. ಇವು ಯಂತ್ರದಲ್ಲಿ ಅಚ್ಚಾದಂತೆ ಕಂಡರೂ ಮುಖ್ಯವಾಗಿ ಕೈಯಿಂದ ಬರೆದವು. ಡಬ್ಬಿಯ ಬುಡದ ಸುತ್ತ ಇರುವ ಹೂವಿನ ಪಟ್ಟಿಯನ್ನು ಮಾತ್ರ ಮೊಹರಿನಂತೆ ಒತ್ತಲಾಗಿತ್ತು. ಅಕ್ಕಪಕ್ಕ ಇಟ್ಟು ನೋಡಿದರೆ ಅಕ್ಷರಗಳ ಅಂಚಿನಲ್ಲಿ, ಹೂವಿನ ಪಟ್ಟಿಯ ಅಂತರದಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಸಿಗುತ್ತದೆ. ಪದಕದೊಳಗಿನ ಆಕೃತಿಗಳನ್ನು ಬರೆಯುವ ಗೋಜಿಗೆ ಹೋಗದೆ ಅದನ್ನು ಬರೀ ಚಿನ್ನದ ಬಣ್ಣದ ದುಂಡಾಗಿ ಬಿಟ್ಟಿದ್ದಾನೆ.

ನೆರೆಯ ಇನ್ನೊಂದು ಗ್ಯಾಲರಿ ತನ್ನ ಕಿಟಕಿಯಲ್ಲಿ ನಿಜವಾದ ಸೂಪ್ ಡಬ್ಬಿಗಳನ್ನು ಪೇರಿಸಿ, ಅಸಲಿ ಮಾಲು ಇಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂಬರ್ಥದ ಫಲಕ ಹಾಕಿ ಹಾಸ್ಯ ಮಾಡಿತು. ಒಂದಕ್ಕೆ ನೂರು ಡಾಲರ್ ಬೆಲೆಯಿಟ್ಟಿದ್ದ ಚಿತ್ರಗಳಲ್ಲಿ ಐದಕ್ಕೆ ಗಿರಾಕಿ ಸಿಕ್ಕರು, ಅವರಲ್ಲೊಬ್ಬ ನಟ ಡೆನಿಸ್ ಹಾಪರ್. ಗ್ಯಾಲರಿಯ ಅರ್ವಿಂಗ್ ಬ್ಲಮ್‌ಗೆ ಪ್ರದರ್ಶನ ನಡೆಯುತ್ತಿರುವಾಗಲೇ ಇವು ಬಿಡಿ ಚಿತ್ರಗಳಲ್ಲ, ಒಂದು ಸರಣಿ ಎಂದು ಹೊಳೆಯಿತು; ಮಾರಿದ್ದನ್ನು ವಾಪಸು ಕೇಳಿ ಪಡೆದು, ಇಡೀ 32ನ್ನು ಒಂದು ಸಾವಿರ ಡಾಲರಿಗೆ, ತಿಂಗಳಿಗೆ ನೂರರಂತೆ ಹತ್ತು ಕಂತಿನಲ್ಲಿ, ತಾನೇ ಕೊಂಡ. ಕಂತಿನ ಖರೀದಿ ಆ ಕಾಲದ ಅಮೆರಿಕದ ಮನೆಮನೆಗೆ ಫ್ರಿಜ್ಜು, ಟಿವಿಗಳನ್ನು ತಂದ ಪದ್ಧತಿ. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದೇ 32 ಕ್ಯಾನ್ವಾಸುಗಳನ್ನು, ಭಾಗಶಃ ಕೊಡುಗೆಯಾಗಿ, ಪಡೆಯುವಾಗ ಅದರ ಬೆಲೆ ಸುಮಾರು ಒಂದೂವರೆ ಕೋಟಿ ಡಾಲರ್ ಎಂದು ವರದಿಯಾಗಿತ್ತು.

ಕ್ಯಾನ್ವಾಸಿನ ಸರಣಿಯಲ್ಲಿ ಒಂದು ಒಳವಿರೋಧವಿದೆ. ಕಾರ್ಖಾನೆಯ ಮಾಲನ್ನು ಅದು ಕೈಯಿಂದ ಅನುಕರಿಸುತ್ತದೆ. ನೋಡುಗ ಅದರ ಮುಂದೆ ನಿಂತು ಇಲ್ಲಿ ಕೈ ನಡುಗಿದೆ, ಇಲ್ಲಿ ಬಣ್ಣ ದಪ್ಪವಾಗಿದೆ ಎಂದು ಕಲಾವಿದನ ಗುರುತನ್ನು ಹುಡುಕಿ ಸಮಾಧಾನಪಡಬಹುದು. ಆರು ವರ್ಷದ ಬಳಿಕ ಬಂದ ಮುದ್ರಣಗಳು ಆ ಸಮಾಧಾನಕ್ಕೆ ಎಡೆ ಕೊಡಲಿಲ್ಲ.

ಸ್ಕ್ರೀನಿಗೆ ಬಂದ ಮೇಲೆ

ಸ್ಕ್ರೀನ್ ಪ್ರಿಂಟಿಂಗ್ ಅಂದರೇನೆಂದು ಕನ್ನಡದ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ; ಮದುವೆ ಮನೆಯ ತಾಂಬೂಲದ ಚೀಲದ ಮೇಲೆ ವಧೂವರರ ಹೆಸರು ಅಚ್ಚಾಗುವುದು ಇದೇ ವಿಧಾನದಲ್ಲಿ. ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ಅದರ ಮೇಲೆ ಚಿತ್ರದ ಫಿಲ್ಮ್ ಇಟ್ಟು ಬೆಳಕು ಹಾಯಿಸಿದರೆ, ಬೆಳಕು ಬಿದ್ದ ಜಾಗ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಬೀಳದ ಜಾಗ ನೀರಿನಲ್ಲಿ ತೊಳೆದುಹೋಗಿ ಬಟ್ಟೆಯ ಕಣ್ಣು ತೆರೆಯುತ್ತದೆ. ಚೌಕಟ್ಟನ್ನು ಕಾಗದದ ಮೇಲೆ ಕೂರಿಸಿ, ಒಂದು ತುದಿಯಲ್ಲಿ ಇಂಕು ಸುರಿದು, ರಬ್ಬರಿನ ಸ್ಕ್ವೀಜಿಯಿಂದ ಎಳೆದರೆ ತೆರೆದ ಕಣ್ಣುಗಳಿಂದ ಇಂಕು ಇಳಿದು ಚಿತ್ರ ಮೂಡುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು. ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗದೆ ಕೂರಬೇಕು, ಜರುಗಿದರೆ ಕೆಂಪಿಗೂ ಬಿಳುಪಿಗೂ ನಡುವೆ ಕಾಗದದ ಸಣ್ಣ ಬಿರುಕು ಕಾಣುತ್ತದೆ.

ವಾರ್ಹೋಲ್ ಈ ವಿಧಾನವನ್ನು ಕಲೆಗೆ ತಂದ ಮೊದಲಿಗನಲ್ಲ, ಆದರೆ ಅದರ ಅಂಗಡಿ ಗುಣವನ್ನು ಮರೆಮಾಚದೆ ಬಳಸಿದವರಲ್ಲಿ ಪ್ರಮುಖ. 1962ರಲ್ಲಿ ಮೊದಲು ಡಾಲರ್ ನೋಟುಗಳನ್ನು, ಆಗಸ್ಟಿನಲ್ಲಿ ಮರ್ಲಿನ್ ಮನ್ರೋ ಸತ್ತ ಬೆನ್ನಿಗೆ ಅವಳ ಮುಖವನ್ನು ಸ್ಕ್ರೀನಿನಲ್ಲಿ ಒತ್ತಿದ. ಆಗಿನ ಅವನ ಕೆಲಸಗಳಲ್ಲಿ ಇಂಕು ಒಂದು ಕಡೆ ಮೆತ್ತಿಕೊಂಡು, ಇನ್ನೊಂದು ಕಡೆ ಬತ್ತಿ, ಬಣ್ಣ ಗೆರೆಯ ಆಚೆ ಚೆಲ್ಲಿರುತ್ತದೆ. ಆ ಒರಟುತನವೇ ಅವುಗಳ ಸೊಗಸು ಎಂದು ವಿಮರ್ಶಕರು ಬರೆದಿದ್ದಾರೆ. 1968ರ ಸೂಪ್ ಸಂಪುಟದಲ್ಲಿ ಆ ಒರಟುತನವನ್ನೂ ತೊಡೆದುಹಾಕಲಾಗಿದೆ. ಇವನ್ನು ಅಚ್ಚು ಹಾಕಿದ್ದು ವಾರ್ಹೋಲನ ಸ್ಟುಡಿಯೋ ಅಲ್ಲ, ಸಾಲ್ವಟೋರ್ ಸಿಲ್ಕ್‌ಸ್ಕ್ರೀನ್ ಕಂಪನಿ ಎಂಬ ನ್ಯೂಯಾರ್ಕಿನ ಮುದ್ರಣ ಸಂಸ್ಥೆ. ಪ್ರಕಾಶಕ ಸಂಸ್ಥೆ ಅವನದೇ. ಅದರ ಹೆಸರು ‘ಫ್ಯಾಕ್ಟರಿ ಅಡಿಷನ್ಸ್’. ಮುದ್ರಣ ಕಲೆಯಲ್ಲಿ ಬಳಕೆಯಲ್ಲಿರುವ ‘ಎಡಿಷನ್’ ಎಂಬ ಶಬ್ದವನ್ನು ಒಂದು ಅಕ್ಷರದಷ್ಟು ತಿರುಚಿ, ಲೆಕ್ಕದ ಪುಸ್ತಕದ ಕೂಡಿಸುವಿಕೆಯ ಅರ್ಥ ಬರುವಂತೆ ಮಾಡಿದ ತಮಾಷೆ ಅದರಲ್ಲಿದೆ. ಇಡೀ ಸಂಪುಟದ ಅತ್ಯಂತ ನೇರವಾದ ಟೀಕೆ ಈ ಒಂದು ಶಬ್ದದಲ್ಲಿದೆ ಎಂದರೂ ತಪ್ಪಾಗದು.

ಹತ್ತು ಹಾಳೆಗಳನ್ನು ಒಟ್ಟಿಗೆ ಹರಡಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಂತು ಗಮನಿಸಬೇಕು. ಟೊಮ್ಯಾಟೊ, ಈರುಳ್ಳಿ, ತರಕಾರಿ, ಹಸಿಬಟಾಣಿ, ಕಪ್ಪು ಅವರೆ, ಅಣಬೆ, ಚಿಕನ್ ನೂಡಲ್, ದನದ ಮಾಂಸ, ಕಾನ್ಸೊಮೆ, ಪೆಪ್ಪರ್ ಪಾಟ್: ಬದಲಾಗುವುದು ಡಬ್ಬಿಯ ಕೆಳಭಾಗದಲ್ಲಿರುವ ಎರಡು ಮೂರು ಸಾಲಿನ ಬರಹ ಮಾತ್ರ. ಕಣ್ಣು ಮೊದಲ ಹಾಳೆಯಲ್ಲಿ ಚಿತ್ರ ನೋಡುತ್ತದೆ, ಎರಡನೆಯದರಲ್ಲಿ ವ್ಯತ್ಯಾಸ ಹುಡುಕುತ್ತದೆ, ಐದನೆಯದಕ್ಕೆ ಬರುವ ಹೊತ್ತಿಗೆ ಬರೀ ಹೆಸರು ಓದುತ್ತಿರುತ್ತದೆ. ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ನಡೆಯುವ ಗಿರಾಕಿಯ ಕಣ್ಣು ಮಾಡುವ ಕೆಲಸವೂ ಇದೇ. ಆಯ್ಕೆ ವಿಪುಲವಾಗಿದೆ ಎಂಬ ಭಾವನೆ ಮತ್ತು ಆಯ್ದುಕೊಳ್ಳಲು ಇರುವುದು ಒಂದೇ ಎಂಬ ವಾಸ್ತವ, ಇವೆರಡನ್ನೂ ಯಾವ ವಾದವನ್ನೂ ಮಂಡಿಸದೆ ಒಂದೇ ಗೋಡೆಯ ಮೇಲೆ ತರುವುದು ಈ ಸಂಪುಟದ ಸಾಧನೆ. ಇಡೀ ಸಂಪುಟವನ್ನು ಕೊಳ್ಳಲಾಗದವನು ತನಗಿಷ್ಟವಾದ ಒಂದು ರುಚಿಯ ಹಾಳೆ ಕೊಂಡು ಮನೆಯಲ್ಲಿ ತೂಗುಹಾಕಬಹುದು. ಆಗ ಕಲೆಯನ್ನು ಆರಿಸಿಕೊಳ್ಳುವ ಕ್ರಿಯೆಯೂ ಸೂಪು ಆರಿಸಿಕೊಳ್ಳುವ ಕ್ರಿಯೆಯೂ ಒಂದೇ ಆಗುತ್ತದೆ. ಮರುವರ್ಷ, 1969ರಲ್ಲಿ, ಬೇರೆ ಹತ್ತು ಬಗೆಗಳ ‘ಕ್ಯಾಂಪ್‌ಬೆಲ್ಸ್ ಸೂಪ್ 2’ ಬಂತು. ಹಾಟ್ ಡಾಗ್ ಬೀನ್, ಗೋಲ್ಡನ್ ಮಶ್ರೂಮ್ ಮುಂತಾದ ಹೊಸ ರುಚಿಗಳ ಜೊತೆ ಲೇಬಲ್ಲಿನ ಮೇಲೆ ಹೊಸ ಪಟ್ಟಿಗಳೂ ಕಾಣಿಸಿಕೊಂಡವು. ಕಂಪನಿಯ ಮಾರುಕಟ್ಟೆ ವಿಭಾಗ ಹಳೆಯ ಮಾಲಿಗೆ ಹೊಸ ಮುಖ ಕೊಡಲು ಹೊರಟದ್ದನ್ನು ಮುದ್ರಣಗಳೂ ಹಿಂದೆಯೇ ದಾಖಲಿಸಿದವು. ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ಯಶಸ್ವಿಯಾದ ಸರಕಿಗೆ ಎರಡನೇ ಕಂತು ಬಂದದ್ದಷ್ಟೇ.

ಕನ್ನಡದಲ್ಲಿ ಈ ವಿಷಯ ಬರೆಯುವಾಗ ಒಂದು ಶಬ್ದ ಕಾಲಿಗೆ ತೊಡರುತ್ತದೆ. ನಾವು ಸಲೀಸಾಗಿ ‘ಕೊಳ್ಳುಬಾಕ ಸಂಸ್ಕೃತಿ’ ಎನ್ನುತ್ತೇವೆ. ‘ಹೊಟ್ಟೆಬಾಕ’ನ ಪಕ್ಕದಲ್ಲಿ ಹುಟ್ಟಿದ ಈ ಶಬ್ದದೊಳಗೆ ಬೈಗುಳ ಮೊದಲೇ ಸೇರಿಕೊಂಡಿದೆ. ವಾರ್ಹೋಲನ ಮುದ್ರಣದಲ್ಲಿ ಆ ಬೈಗುಳ ಇಲ್ಲ. ಅವನು ಆ ಸೂಪನ್ನು ವರ್ಷಗಟ್ಟಲೆ ಮಧ್ಯಾಹ್ನದ ಊಟಕ್ಕೆ ಕುಡಿದವನು, ಅದನ್ನು ಹೇಳಿಕೊಂಡವನು. ತಾನು ಯಂತ್ರವಾಗಲು ಬಯಸುತ್ತೇನೆ ಎಂದು 1963ರ ಸಂದರ್ಶನದಲ್ಲಿ ಹೇಳಿದ್ದೂ ಅವನೇ. ಸಿರಿವಂತನೂ ಬಡವನೂ ಕುಡಿಯುವ ಕೋಕ್ ಒಂದೇ ಎಂಬುದರಲ್ಲಿ ಅವನಿಗೆ ಒಂದು ಬಗೆಯ ಸಮಾನತೆಯೇ ಕಂಡಿತ್ತು. ಹಾಗಾಗಿ ಈ ಮುದ್ರಣಗಳನ್ನು ಖಂಡನೆ ಎಂದು ಓದುವವರು ತಮ್ಮ ಸಿಟ್ಟನ್ನು ಚಿತ್ರಕ್ಕೆ ಆರೋಪಿಸುತ್ತಾರೆ, ಆರಾಧನೆ ಎಂದು ಓದುವವರು ಅದರ ತಣ್ಣನೆಯ ಬಿಳಿ ನೆಲವನ್ನು ಗಮನಿಸುವುದಿಲ್ಲ.

ರಾಜಾ ರವಿವರ್ಮನ ಮುದ್ರಣಾಲಯವನ್ನು ಇಲ್ಲಿ ನೆನೆಯದೆ ಇರಲಾಗದು. ಮುಂಬಯಿಯಲ್ಲಿ 1894ರಲ್ಲಿ ಆರಂಭವಾದ ಆ ಪ್ರೆಸ್ಸಿನಿಂದ ಹೊರಟ ಲಕ್ಷ್ಮಿ ಸರಸ್ವತಿಯರು ನಮ್ಮ ದೇವರ ಕೋಣೆಗಳಿಗೂ, ಕಾಲಕ್ರಮೇಣ ಕ್ಯಾಲೆಂಡರು, ಜಾಹೀರಾತುಗಳಿಗೂ ಇಳಿದು ಬಂದರು. ಅಲ್ಲಿ ಕ್ಯಾನ್ವಾಸು ಲೇಬಲ್ ಆಯಿತು, ಇಲ್ಲಿ ಲೇಬಲ್ ಕಟ್ಟು ಹಾಕಿಸಿಕೊಂಡು ಗೋಡೆ ಹತ್ತಿತು.

ಕಂಪನಿಯ ಪ್ರತಿಕ್ರಿಯೆ

ವ್ಯಾಖ್ಯಾನಕ್ಕೆ ಗುರಿಯಾದ ಕಂಪನಿ ಏನು ಮಾಡಿತು ಎಂಬುದು ಈ ಪ್ರಕರಣದ ಅತ್ಯಂತ ಉಪಯುಕ್ತ ಭಾಗ. ಕ್ಯಾಂಪ್‌ಬೆಲ್ ಮೊಕದ್ದಮೆ ಹೂಡಲಿಲ್ಲ. 1964ರ ಮೇ 19ರಂದು ಅದರ ಮಾರುಕಟ್ಟೆ ವಿಭಾಗದ ಒಬ್ಬ ವ್ಯವಸ್ಥಾಪಕ ವಾರ್ಹೋಲನಿಗೆ ಪತ್ರ ಬರೆದು, ನಿಮ್ಮ ಕೆಲಸ ನಮ್ಮಲ್ಲಿ ಬಹಳ ಕುತೂಹಲ ಹುಟ್ಟಿಸಿದೆ, ನಿಮಗೆ ಟೊಮ್ಯಾಟೊ ಸೂಪು ಇಷ್ಟವೆಂದು ತಿಳಿಯಿತು, ಒಂದೆರಡು ಪೆಟ್ಟಿಗೆ ಕಳಿಸುತ್ತಿದ್ದೇವೆ ಎಂದು ತಿಳಿಸಿದ. ಅದೇ ವರ್ಷ ನಿವೃತ್ತರಾಗುತ್ತಿದ್ದ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಕೊಡಲೆಂದು ಕಂಪನಿಯೇ ಅವನಿಂದ ಒಂದು ಡಬ್ಬಿಯ ಚಿತ್ರ ಬರೆಸಿಕೊಂಡಿತು. 1966–67ರ ಸುಮಾರಿಗೆ ಒಂದು ಡಾಲರ್ ಮತ್ತು ಎರಡು ಸೂಪ್ ಲೇಬಲ್ ಕಳಿಸಿದವರಿಗೆ ಕಂಪನಿ ‘ಸೂಪರ್ ಡ್ರೆಸ್’ ಎಂಬ ಕಾಗದದ ಉಡುಪು ಕಳಿಸುತ್ತಿತ್ತು; ಅದರ ಮೈತುಂಬ ಸಾಲುಸಾಲಾಗಿ ಸೂಪ್ ಡಬ್ಬಿಗಳು, ಯಾರನ್ನು ನೋಡಿ ಮಾಡಿದ್ದು ಎಂದು ಹೇಳುವ ಅಗತ್ಯವೇ ಇಲ್ಲದಂತೆ. ಉಟ್ಟು ಬಿಸಾಡಬೇಕಾಗಿದ್ದ ಆ ಉಡುಪು ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿದೆ.

ಕಾಲಾನುಕ್ರಮವನ್ನು ಗಮನಿಸಿ: ಉಡುಪು ಬಂದದ್ದು ಮೊದಲು, ಮುದ್ರಣ ಸಂಪುಟ ಬಂದದ್ದು ಆಮೇಲೆ. ಎಂದರೆ 1968ರಲ್ಲಿ ವಾರ್ಹೋಲ್ ಮತ್ತೆ ಡಬ್ಬಿಗೆ ಮರಳಿದಾಗ ಆ ಡಬ್ಬಿ ಬರೀ ಸೂಪಿನ ಡಬ್ಬಿಯಾಗಿ ಉಳಿದಿರಲಿಲ್ಲ. ಅದು ‘ವಾರ್ಹೋಲನ ಡಬ್ಬಿ’ಯಾಗಿ ಹೆಸರು ಮಾಡಿತ್ತು, ಕಂಪನಿ ಆ ಹೆಸರನ್ನೇ ತನ್ನ ಮಾರಾಟಕ್ಕೆ ಬಳಸಿಕೊಂಡಿತ್ತು. ಸಂಪುಟದ ವಸ್ತು ಸೂಪಲ್ಲ, ತನ್ನದೇ ಬ್ರ್ಯಾಂಡ್. 2012ರ ಸೆಪ್ಟೆಂಬರಿನಲ್ಲಿ, ಮೊದಲ ಪ್ರದರ್ಶನದ ಐವತ್ತನೇ ವರ್ಷದ ನೆಪದಲ್ಲಿ, ವಾರ್ಹೋಲ್ ಪ್ರತಿಷ್ಠಾನದ ಒಪ್ಪಿಗೆ ಪಡೆದು ಕಂಪನಿ ಅವನ ಬಣ್ಣಗಳಲ್ಲಿ ಅಚ್ಚಾದ 12 ಲಕ್ಷ ಟೊಮ್ಯಾಟೊ ಸೂಪಿನ ಡಬ್ಬಿಗಳನ್ನು ಟಾರ್ಗೆಟ್ ಮಳಿಗೆಗಳಲ್ಲಿ 75 ಸೆಂಟಿಗೊಂದರಂತೆ ಮಾರಿತು. ಡಬ್ಬಿಯಿಂದ ಹೊರಟ ಚಿತ್ರ ಡಬ್ಬಿಯ ಮೇಲೆಯೇ ಮರಳಿ ಅಂಟಿಕೊಂಡಿತು. ಕಲೆಯ ಟೀಕೆಯನ್ನು ಮಾರುಕಟ್ಟೆ ನುಂಗಿಹಾಕಿತು ಎಂದು ಇದನ್ನು ದೂರುವವರಿದ್ದಾರೆ. ನುಂಗಿಸಿಕೊಳ್ಳಲು ಒಲ್ಲೆ ಎಂದು ಈ ಮುದ್ರಣಗಳು ಎಂದೂ ಹೇಳಿರಲಿಲ್ಲ.

ಕಾಣದೆ ಉಳಿದದ್ದು

ಹಾಗೆಂದು ಈ ಸಂಪುಟವನ್ನು ಉದ್ಯಮದ ಮೇಲಿನ ಪರಿಪೂರ್ಣ ವ್ಯಾಖ್ಯಾನ ಎಂದು ಒಪ್ಪಲು ಹಿಂಜರಿಕೆಯಾಗುತ್ತದೆ. ಅದು ಬಳಸುವವನ ಬದಿಯಿಂದ ಡಬ್ಬಿಯನ್ನು ನೋಡುತ್ತದೆ, ತಯಾರಿಸುವವನ ಬದಿಯಿಂದ ನೋಡುವುದೇ ಇಲ್ಲ. ಕ್ಯಾಮ್ಡೆನ್ ಕಾರ್ಖಾನೆಯಲ್ಲಿ ಟೊಮ್ಯಾಟೊ ಸುಗ್ಗಿಯ ಕಾಲಕ್ಕೆ ಸಾವಿರಾರು ಕೆಲಸಗಾರರು ಹಬೆ ಮತ್ತು ಸೆಕೆಯ ನಡುವೆ ದುಡಿಯುತ್ತಿದ್ದರು. 1934ರಲ್ಲಿ ಅಲ್ಲಿ ಮುಷ್ಕರವಾಯಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕೆಲಸಕ್ಕೆ ಕೈ ಸಾಲದೆ ಪೋರ್ಟೊ ರಿಕೊದಿಂದ ಜನರನ್ನು ಕರೆತರಲಾಯಿತು. ಕಾರ್ಖಾನೆಯ ನೀರಿನ ಟ್ಯಾಂಕುಗಳಿಗೆ ಕೆಂಪು ಬಿಳಿ ಬಳಿದು ಆಕಾಶದಲ್ಲಿ ನಿಂತ ಸೂಪ್ ಡಬ್ಬಿಗಳಂತೆ ಮಾಡಲಾಗಿತ್ತು. ಊರಿನ ಗುರುತೇ ಆಗಿದ್ದ ಅವು 1990ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಅದರೊಡನೆಯೇ ಮಾಯವಾದವು. ಕ್ಯಾಮ್ಡೆನ್ ಅಮೆರಿಕದ ಅತಿ ಬಡ ಪಟ್ಟಣಗಳಲ್ಲೊಂದಾಯಿತು, ಡಬ್ಬಿಯ ಚಿತ್ರ ಮಾತ್ರ ಸಂಗ್ರಹಾಲಯಗಳಲ್ಲಿ ಮಿರುಗುತ್ತ ಉಳಿಯಿತು. ಈ ಚರಿತ್ರೆಯ ಒಂದು ಎಳೆಯೂ ಹತ್ತು ಹಾಳೆಗಳಲ್ಲಿಲ್ಲ.

ಆದರೆ ಚಿತ್ರದಲ್ಲಿ ಇಲ್ಲದ ದುಡಿಮೆ ತಯಾರಿಕೆಯ ಲೆಕ್ಕದಲ್ಲಿ ಇಣುಕುತ್ತದೆ. ವಾರ್ಹೋಲನಿಗೆ ಸ್ಕ್ರೀನ್ ಎಳೆಯಲು ನೆರವಾದ ಜೆರಾರ್ಡ್ ಮಲಂಗಾ ಎಂಬ ಯುವ ಕವಿ 1963ರಲ್ಲಿ ಗಂಟೆಗೆ ಒಂದೂಕಾಲು ಡಾಲರಿಗೆ ಕೆಲಸಕ್ಕೆ ಸೇರಿದ. ಅದು ಆಗ ನ್ಯೂಯಾರ್ಕಿನ ಕನಿಷ್ಠ ಕೂಲಿ. ಅವನಿಗೆ ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ ಅನುಭವವಿತ್ತು, ಬಹುಶಃ ವಾರ್ಹೋಲನಿಗಿಂತ ಕೈ ಹೆಚ್ಚು ಪಳಗಿತ್ತು. 1968ರ ಸಂಪುಟದ ವಿಷಯದಲ್ಲಿಯೂ 2,760 ಹಾಳೆಗಳ ಮೇಲೆ ಸ್ಕ್ವೀಜಿ ಎಳೆದ, ಬಣ್ಣದಿಂದ ಬಣ್ಣಕ್ಕೆ ಹಾಳೆಗಳನ್ನು ಒಣಗಿಸಿದ ಕೆಲಸಗಾರರ ಹೆಸರು ಸಂಗ್ರಹಾಲಯದ ಫಲಕಗಳಲ್ಲಿ ಸಿಗುವುದಿಲ್ಲ, ಕಂಪನಿಯ ಹೆಸರಷ್ಟೇ ಸಿಗುತ್ತದೆ. ಡಬ್ಬಿಯ ಮೇಲೂ ಹಾಗೆಯೇ.

ಇದೇ ಬಗೆಯ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. 1964ರಲ್ಲಿ ವಾರ್ಹೋಲ್ ಪ್ಲೈವುಡ್ ಪೆಟ್ಟಿಗೆಗಳ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿ ಬ್ರಿಲೋ ಎಂಬ ಪಾತ್ರೆ ಉಜ್ಜುವ ಸಾಮಾನಿನ ರಟ್ಟಿನ ಪೆಟ್ಟಿಗೆಗಳ ಪ್ರತಿರೂಪ ಪ್ರದರ್ಶಿಸಿದ. ಆ ರಟ್ಟಿನ ಪೆಟ್ಟಿಗೆಯ ಮೂಲ ವಿನ್ಯಾಸ ಮಾಡಿದ್ದ ಜೇಮ್ಸ್ ಹಾರ್ವಿ ಸ್ವತಃ ಒಬ್ಬ ಅಮೂರ್ತ ಚಿತ್ರಕಾರ. ಹೊಟ್ಟೆಪಾಡಿಗೆ ವಿನ್ಯಾಸದ ಕೆಲಸ ಮಾಡುತ್ತಿದ್ದ. ಮರುವರ್ಷ ಆ ಪೆಟ್ಟಿಗೆಗಳು ಟೊರೊಂಟೊದ ಪ್ರದರ್ಶನಕ್ಕೆ ಹೊರಟಾಗ ಕೆನಡಾದ ಸುಂಕದ ಅಧಿಕಾರಿಗಳು ಅವು ಶಿಲ್ಪವಲ್ಲ, ವ್ಯಾಪಾರದ ಮಾಲು ಎಂದು ಸುಂಕ ಕೇಳಿದರು. ಅಲ್ಲಿನ ರಾಷ್ಟ್ರೀಯ ಗ್ಯಾಲರಿಯ ನಿರ್ದೇಶಕರೂ ಅವರ ಮಾತನ್ನೇ ಎತ್ತಿಹಿಡಿದರು. ಆ ಅಧಿಕಾರಿಗಳನ್ನು ನೋಡಿ ನಗುವುದು ಸುಲಭ. ಆದರೆ ಮಾಲಿನಂತೆಯೇ ತಯಾರಾಗಿ, ಮಾಲಿನಂತೆಯೇ ಗುರುತು ಒತ್ತಿಸಿಕೊಂಡು ಬಂದ ವಸ್ತುವನ್ನು ಮಾಲು ಎಂದು ನಂಬಿದವರು ಆ ಕೃತಿಯ ಅತ್ಯಂತ ಪ್ರಾಮಾಣಿಕ ಓದುಗರೂ ಹೌದು.

ಪ್ರತಿಯ ಪ್ರತಿ

ಸ್ಕ್ರೀನು ಒಮ್ಮೆ ಸಿದ್ಧವಾದ ಮೇಲೆ 250ಕ್ಕೇ ಏಕೆ ನಿಲ್ಲಿಸಬೇಕು? ಕಾರ್ಖಾನೆ ನಿಲ್ಲಿಸುವುದಿಲ್ಲ; ಬೇಡಿಕೆ ಇರುವಷ್ಟು ದಿನ ಒತ್ತುತ್ತಲೇ ಹೋಗುತ್ತದೆ. ಕಲಾ ಮಾರುಕಟ್ಟೆ ಮಾತ್ರ ಕೃತಕವಾಗಿ ಅಭಾವ ಸೃಷ್ಟಿಸಿ ಬೆಲೆ ಕಾಯ್ದುಕೊಳ್ಳುತ್ತದೆ. ವಾರ್ಹೋಲನ ಮುದ್ರಣಗಳು ಈ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದರಿಂದ ಮುಂದಿನ ತೊಡಕು ಅನಿವಾರ್ಯವಾಗಿತ್ತು. 1970ರಲ್ಲಿ ಬೆಲ್ಜಿಯಮ್ಮಿನಿಂದ ‘ಸಂಡೇ ಬಿ. ಮಾರ್ನಿಂಗ್’ ಎಂಬ ಹೆಸರಿನಲ್ಲಿ ಅವನ ಮರ್ಲಿನ್ ಮುದ್ರಣಗಳ ಹೊಸ ಪ್ರತಿಗಳು ಹೊರಬರತೊಡಗಿದವು. ಅವುಗಳ ಬೆನ್ನಿಗೆ, ಸಹಿಯನ್ನು ನೀವೇ ತುಂಬಿಕೊಳ್ಳಿ ಎಂಬರ್ಥದ ಮೊಹರು ಇತ್ತು. ಅವುಗಳಲ್ಲಿ ಕೆಲವು ವಾರ್ಹೋಲನ ಕೈಗೆ ಬಂದಾಗ, ಇದು ನನ್ನದಲ್ಲ ಎಂದು ಬರೆದು ಅದರ ಕೆಳಗೆ ಸಹಿ ಮಾಡಿದ. ಅಂಥ ಪ್ರತಿಗಳಿಗೆ ಈಗ ಹರಾಜಿನಲ್ಲಿ ಹೆಚ್ಚಿನ ಬೆಲೆ.

ನ್ಯಾಯಾಲಯವೂ ಒಂದು ದಿನ ಈ ಡಬ್ಬಿಗಳ ಬಗ್ಗೆ ಮಾತಾಡಬೇಕಾಯಿತು. ಗಾಯಕ ಪ್ರಿನ್ಸ್‌ನ ಒಂದು ಛಾಯಾಚಿತ್ರವನ್ನು ಆಧರಿಸಿ ವಾರ್ಹೋಲ್ ಮಾಡಿದ ಚಿತ್ರದ ಬಗ್ಗೆ ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ಮತ್ತು ವಾರ್ಹೋಲ್ ಪ್ರತಿಷ್ಠಾನದ ನಡುವೆ ನಡೆದ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2023ರ ಮೇ 18ರಂದು 7–2ರ ಬಹುಮತದಿಂದ ಪ್ರತಿಷ್ಠಾನದ ವಿರುದ್ಧ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಅದರಲ್ಲಿ ಸೂಪ್ ಡಬ್ಬಿಗಳನ್ನು ಬೇರೆಯಾಗಿಯೇ ನೋಡಿದರು: ಲೇಬಲ್ಲಿನ ಉದ್ದೇಶ ಸೂಪು ಮಾರುವುದು, ವಾರ್ಹೋಲನ ಚಿತ್ರದ ಉದ್ದೇಶ ಗ್ರಾಹಕ ಸಂಸ್ಕೃತಿಯ ಬಗ್ಗೆ ಕಲೆಯ ಮೂಲಕ ವ್ಯಾಖ್ಯಾನಿಸುವುದು, ಇವೆರಡೂ ಬೇರೆ ಬೇರೆ ದಿಕ್ಕಿನವು ಎಂಬುದು ಅವರ ತರ್ಕ. ಐವತ್ತು ವರ್ಷ ವಿಮರ್ಶಕರು ವಾದಿಸುತ್ತ ಬಂದದ್ದಕ್ಕೆ ಕಾನೂನಿನ ಮುದ್ರೆ ಬಿತ್ತು. ಆದರೆ 2012ರ ಆ 12 ಲಕ್ಷ ಡಬ್ಬಿಗಳನ್ನು ಎದುರಿಗಿಟ್ಟುಕೊಂಡು ಓದಿದರೆ ದಿಕ್ಕುಗಳು ಅಷ್ಟು ಸ್ಪಷ್ಟವಾಗಿ ಬೇರೆ ಎನ್ನಿಸುವುದಿಲ್ಲ.

ಈ ತೀರ್ಪಿಗೆ ಆರು ತಿಂಗಳು ಮೊದಲು, 2022ರ ನವೆಂಬರಿನಲ್ಲಿ, ಕ್ಯಾನ್‌ಬೆರಾದ ಆಸ್ಟ್ರೇಲಿಯಾ ರಾಷ್ಟ್ರೀಯ ಗ್ಯಾಲರಿಯಲ್ಲಿ ಹವಾಮಾನ ಹೋರಾಟಗಾರರು ಇದೇ 1968ರ ಸಂಪುಟದ ಹಾಳೆಗಳ ಮೇಲೆ ನೀಲಿ ಶಾಯಿಯಲ್ಲಿ ಗೀಚಿ, ತಮ್ಮ ಕೈಯನ್ನು ಅದಕ್ಕೇ ಅಂಟಿಸಿಕೊಳ್ಳಲು ನೋಡಿದರು. ಮುಂದೆ ರಕ್ಷಾಕವಚ ಇದ್ದುದರಿಂದ ಮುದ್ರಣಗಳಿಗೆ ಏನೂ ಆಗಲಿಲ್ಲ. ವಾರ್ಹೋಲ್ ಅತಿಯಾದ ಕೊಳ್ಳುವಿಕೆಯನ್ನು ಚಿತ್ರಿಸಿದ, ನಾವೀಗ ಅದರ ಮುಂದಿನ ಹಂತದಲ್ಲಿದ್ದೇವೆ ಎಂಬುದು ಅವರ ಸಮರ್ಥನೆಯಾಗಿತ್ತು. ಅವರ ಮಟ್ಟಿಗೆ ಇದು ಖಂಡನೆಯ ಚಿತ್ರವೇ, ಮತ್ತು ತಮ್ಮದೂ ಅದೇ ಖಂಡನೆಯ ಮುಂದುವರಿಕೆ.

ಇದಕ್ಕೂ ಹಿಂದೆ, 2016ರ ಏಪ್ರಿಲಿನಲ್ಲಿ, ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಕಲಾ ಸಂಗ್ರಹಾಲಯಕ್ಕೆ ರಾತ್ರೋರಾತ್ರಿ ನುಗ್ಗಿದ ಕಳ್ಳರು ಅಲ್ಲಿದ್ದ ಹತ್ತು ಹಾಳೆಗಳಲ್ಲಿ ಟೊಮ್ಯಾಟೊ, ಚಿಕನ್ ನೂಡಲ್ ಸೇರಿದಂತೆ ಏಳನ್ನು ಕೊಂಡೊಯ್ದರು. ಎಫ್‌ಬಿಐ ಸುಳಿವು ಕೊಟ್ಟವರಿಗೆ 25,000 ಡಾಲರ್ ವರೆಗಿನ ಬಹುಮಾನ ಘೋಷಿಸಿತು. ತನಿಖೆಯವರ ತೊಡಕೇನೆಂದು ಊಹಿಸಬಹುದು: ಕದ್ದ ಹಾಳೆಯನ್ನೂ ಕದಿಯದ ಹಾಳೆಯನ್ನೂ ಪಕ್ಕಪಕ್ಕ ಇಟ್ಟರೆ ಮುಂಬದಿಯಿಂದ ಯಾವುದು ಯಾವುದೆಂದು ಹೇಳುವುದು ಕಷ್ಟ, ಹಾಗೆ ಹೇಳಲಾಗದಂತೆಯೇ ಅವುಗಳನ್ನು ಅಚ್ಚು ಹಾಕಿದ್ದು. ಗುರುತು ಸಿಗಬೇಕಾದರೆ ಹಾಳೆಯನ್ನು ತಿರುಗಿಸಬೇಕು. ಸ್ಪ್ರಿಂಗ್‌ಫೀಲ್ಡಿನ ಸಂಪುಟದ ಬೆನ್ನಿಗಿದ್ದ ಸಂಖ್ಯೆ 31.